ಪ್ರಾಜೆಕ್ಟ್ ವಿಷಯವನ್ನು ಪ್ರಶ್ನೆಯಾಗಿಸಿ, ಪ್ರಶ್ನೆಯನ್ನು ಪೇಪರಾಗಿಸಿ: ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಎರಡನೇ ಅಧ್ಯಾಯ ತೆರೆದು ನೋಡಿ. ಹೆಚ್ಚಿನವುಗಳಲ್ಲಿ ಲಿಟರೇಚರ್ ಸರ್ವೆ, ಅಂದರೆ ಹಿಂದಿನ ಪೇಪರುಗಳ ಸಮೀಕ್ಷೆ, ಒಂದೇ ಅಚ್ಚಿನಲ್ಲಿರುತ್ತದೆ. ಇಂಥವರು ಇಂಥ ವಿಧಾನ ಸೂಚಿಸಿದ್ದಾರೆ, ಇಷ್ಟು ನಿಖರತೆ ಬಂದಿದೆ. ಮುಂದಿನ ಪ್ಯಾರಾದಲ್ಲಿ ಮತ್ತೊಬ್ಬರು. ಹತ್ತು ಪೇಪರಿಗೆ ಹತ್ತು ಪ್ಯಾರಾ. ಎಲ್ಲ ಓದಿ ಮುಗಿಸಿದರೂ ಈ ಬ್ಯಾಚ್ ಈ ಕೆಲಸವನ್ನೇ ಏಕೆ ಕೈಗೆತ್ತಿಕೊಂಡಿತು ಎಂಬುದು ತಿಳಿಯುವುದಿಲ್ಲ. ಮೊದಲು ಟೈಟಲ್ ಬರೆದುಕೊಟ್ಟು, ಕೋಡ್ ಮುಗಿಸಿ, ಪುಟ ತುಂಬಿಸುವುದಕ್ಕೆ ಕೊನೆಯಲ್ಲಿ ಪೇಪರ್ ಹುಡುಕಿದರೆ ಹೀಗೆಯೇ ಆಗುತ್ತದೆ.

ಈ ಕ್ರಮ ತಿರುಗುಮುರುಗಾಗಬೇಕು. ಓದಿನಿಂದ ಪ್ರಶ್ನೆ ಹುಟ್ಟಬೇಕು, ಪ್ರಶ್ನೆಯಿಂದ ಪ್ರಯೋಗ, ಪ್ರಯೋಗದಿಂದ ಬರವಣಿಗೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2021 ಮತ್ತು 2022ರ ಸ್ಕೀಮ್‌ಗಳಲ್ಲಿ ಐದನೇ ಸೆಮಿಸ್ಟರಿಗೇ ರಿಸರ್ಚ್ ಮೆಥಡಾಲಜಿ ಮತ್ತು ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ವಿಷಯ ಇಟ್ಟಿರುವುದರಿಂದ ಪದಗಳ ಪರಿಚಯ ನಿಮಗೆ ಆಗಿರುತ್ತದೆ. ಇಲ್ಲಿ ಹೇಳಹೊರಟಿರುವುದು ಆ ಪದಗಳನ್ನು ಏಳು ಮತ್ತು ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಕಟ್ಟುವ ಬಗೆ. ಉದಾಹರಣೆಗೆ ಉದ್ದಕ್ಕೂ ಒಂದೇ ವಿಷಯ ಇಟ್ಟುಕೊಂಡಿದ್ದೇವೆ: ಚಿತ್ರ ನೋಡಿ ಎಲೆರೋಗ ಗುರುತಿಸುವುದು. ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ವಿಭಾಗಗಳಲ್ಲಿ ಬಹಳ ಜನ ಆರಿಸಿಕೊಳ್ಳುವ ವಿಷಯ ಇದು. ಇದರ ಮುಖ್ಯ ಪೇಪರುಗಳನ್ನು ದುಡ್ಡು ಕೊಡದೆ ತೆರೆದು ಓದಬಹುದು, ಹಾಗಾಗಿ ಇಲ್ಲಿ ಹೇಳಿದ್ದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು.

ವಿಷಯ ಬೇರೆ, ಪ್ರಶ್ನೆ ಬೇರೆ

"ಡೀಪ್ ಲರ್ನಿಂಗ್ ಬಳಸಿ ಎಲೆರೋಗ ಪತ್ತೆ" ಎಂಬುದು ವಿಷಯ. ಅದಕ್ಕೆ ಉತ್ತರ ಎಂಬುದೇ ಇಲ್ಲ, ಮಾಡಿ ತೋರಿಸುವುದಷ್ಟೇ ಇದೆ. ಇದನ್ನೇ ಹೀಗೆ ಬರೆದು ನೋಡಿ: "ಪ್ಲಾಂಟ್‌ವಿಲೇಜ್ ಡೇಟಾಸೆಟ್ಟಿನ ಟೊಮೆಟೊ ಚಿತ್ರಗಳಿಂದ ಕಲಿತ ಮಾಡೆಲ್, ಕೋಲಾರದ ಹೊಲಗಳಲ್ಲಿ ಮೊಬೈಲ್‌ನಿಂದ ತೆಗೆದ ಚಿತ್ರಗಳ ಮೇಲೆ ಎಷ್ಟು ನಿಖರತೆ ಕಳೆದುಕೊಳ್ಳುತ್ತದೆ? ಹಿನ್ನೆಲೆ ಅಳಿಸಿ ಎಲೆಯನ್ನಷ್ಟೇ ಕೊಟ್ಟರೆ ಆ ನಷ್ಟದಲ್ಲಿ ಎಷ್ಟು ತುಂಬುತ್ತದೆ?" (ಪ್ಲಾಂಟ್‌ವಿಲೇಜ್ ಎಂದರೆ ಸಪಾಟು ಹಿನ್ನೆಲೆಯಲ್ಲಿ ತೆಗೆದ ಎಲೆಚಿತ್ರಗಳ ಮುಕ್ತ ಸಂಗ್ರಹ.) ಇದಕ್ಕೆ ಉತ್ತರ ಇದೆ. ಉತ್ತರ ಒಂದು ಸಂಖ್ಯೆ, ಅದು ಏನೆಂದು ನಿಮಗೆ ಇವತ್ತು ಗೊತ್ತಿಲ್ಲ.

ಬರೆದ ಪ್ರಶ್ನೆ ಸರಿಯಿದೆಯೇ ಎಂದು ನೋಡುವುದಕ್ಕೆ ಅತಿ ಮುಖ್ಯವಾದ ಪರೀಕ್ಷೆ ಇದು: ಫಲಿತಾಂಶ ನೀವು ಅಂದುಕೊಂಡದ್ದಕ್ಕೆ ವಿರುದ್ಧವಾಗಿ ಬಂದರೂ ಬರೆಯಲು ಏನಾದರೂ ಇರುತ್ತದೆಯೇ? ಹಿನ್ನೆಲೆ ಅಳಿಸಿದರೂ ನಿಖರತೆ ಏರಲಿಲ್ಲ ಎಂದಾದರೆ ತೊಂದರೆ ಹಿನ್ನೆಲೆಯದ್ದಲ್ಲ, ಬೆಳಕಿನದ್ದೋ ಎಲೆಯ ವಯಸ್ಸಿನದ್ದೋ ಇರಬಹುದು ಎಂಬ ಸುಳಿವು ಸಿಗುತ್ತದೆ. ಅದೂ ಫಲಿತಾಂಶವೇ. "ನಮ್ಮ ಸಿಸ್ಟಮ್ ಹೆಚ್ಚು ನಿಖರ" ಎಂದು ಸಾಧಿಸಲೇಬೇಕಾದ ಪ್ರಾಜೆಕ್ಟಿನಲ್ಲಿ ಈ ಸ್ವಾತಂತ್ರ್ಯ ಇಲ್ಲ. ಸಂಖ್ಯೆ ಕಡಿಮೆ ಬಂದ ದಿನ ಅಂಥ ಬ್ಯಾಚಿಗೆ ಎರಡೇ ದಾರಿ ಉಳಿಯುತ್ತವೆ: ಹೊಸದಾಗಿ ಶುರುಮಾಡುವುದು, ಇಲ್ಲವೇ ಸಂಖ್ಯೆ ತಿದ್ದುವುದು.

ಇನ್ನೊಂದು ಪರೀಕ್ಷೆ ಕೈಗೆ ಎಟುಕುತ್ತದೆಯೇ ಎಂಬುದು. ಐದು ಬಗೆಯ ಎಲೆ, ಬಗೆಗೆ 60ರಂತೆ 300 ಚಿತ್ರಗಳನ್ನು ನಾಲ್ವರ ಬ್ಯಾಚ್ ಕೆಲವು ವಾರಾಂತ್ಯಗಳಲ್ಲಿ ತೆಗೆಯಬಹುದು. ಆದರೆ ಯಾವ ಎಲೆಗೆ ಯಾವ ರೋಗ ಎಂದು ಹೇಳುವವರು ಯಾರು? ಅಂಗಮಾರಿ ಮತ್ತು ಎಲೆಚುಕ್ಕೆಯ ವ್ಯತ್ಯಾಸವನ್ನು ಇಂಟರ್ನೆಟ್ ಚಿತ್ರ ನೋಡಿ ತೀರ್ಮಾನಿಸಬೇಡಿ. ಕೃಷಿ ವಿಜ್ಞಾನ ಕೇಂದ್ರದ ಸಸ್ಯರೋಗ ತಜ್ಞರನ್ನೋ ಹತ್ತಿರದ ತೋಟಗಾರಿಕೆ ಕಾಲೇಜಿನ ಅಧ್ಯಾಪಕರನ್ನೋ ಪ್ರಾಜೆಕ್ಟ್ ಶುರುವಾಗುವ ಮೊದಲೇ ಕೇಳಿ. ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಗುರುತಿಸಿದರೆ ಇನ್ನೂ ಒಳ್ಳೆಯದು. ಅವರ ನಡುವಿನ ಒಮ್ಮತವನ್ನು ಕೋಹೆನ್ ಕಪ್ಪಾ ಎಂಬ ಅಳತೆಯಿಂದ ವರದಿ ಮಾಡಬಹುದು. ತಜ್ಞರಿಬ್ಬರೇ ಒಪ್ಪದ ಚಿತ್ರಗಳಲ್ಲಿ ಮಾಡೆಲ್ ತಪ್ಪಿತು ಎಂದು ದೂರುವುದರಲ್ಲಿ ಅರ್ಥವಿಲ್ಲ.

ಖರ್ಚಿನ ಪ್ರಶ್ನೆ ಇದ್ದವರು, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯನ್ನು ಗಮನಿಸಿ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಅಲ್ಲೂ ಕೇಳುವುದು ಉದ್ದೇಶ, ವಿಧಾನ, ನಿರೀಕ್ಷಿತ ಫಲ. ಪ್ರಶ್ನೆ ಚೊಕ್ಕವಾಗಿದ್ದರೆ ಅರ್ಧ ಅರ್ಜಿ ಬರೆದಂತೆಯೇ.

ಹುಡುಕುವುದು

ಗೂಗಲ್ ಸ್ಕಾಲರ್‌ನಲ್ಲಿ ವಿಷಯದ ಹೆಸರು ಬರೆದು ಮೊದಲ ಪುಟದ ಹತ್ತು ಪೇಪರ್ ಇಳಿಸಿಕೊಂಡರೆ ಹುಡುಕಿದಂತಾಗಲಿಲ್ಲ. ಮೊದಲು ಬೇರು ಹಿಡಿಯಿರಿ. ಪ್ಲಾಂಟ್‌ವಿಲೇಜ್ ಎಂದು ಹುಡುಕಿದರೆ ಮೇಲೇ ಸಿಗುವುದು ಮೊಹಾಂತಿ, ಹ್ಯೂಸ್ ಮತ್ತು ಸಲಾತೆ 2016ರಲ್ಲಿ ಬರೆದ ಪೇಪರ್. 14 ಬೆಳೆ, 26 ರೋಗ, 54,306 ಚಿತ್ರ, ಶೇ. 99.35 ನಿಖರತೆ. ಜರ್ನಲ್‌ನಲ್ಲಿ ಅಚ್ಚಾದ ಅಬ್‌ಸ್ಟ್ರ್ಯಾಕ್ಟ್ (ಸಾರಾಂಶ) ಓದಿ ಬಿಟ್ಟವರು ಇಷ್ಟನ್ನೇ ತಮ್ಮ ಸರ್ವೆಯಲ್ಲಿ ಬರೆಯುತ್ತಾರೆ. ಒಳಗೆ ಹೋದರೆ ಇನ್ನೊಂದು ಅಂಕಿ ಇದೆ: ತರಬೇತಿಯ ಚಿತ್ರಗಳಿಗಿಂತ ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದೇ ಮಾಡೆಲ್‌ನ ನಿಖರತೆ ಸುಮಾರು ಶೇ. 31ಕ್ಕೆ ಇಳಿಯಿತು. ಲೇಖಕರೇ ಮುಚ್ಚಿಡದೆ ಬರೆದಿದ್ದಾರೆ. 99 ಮತ್ತು 31ರ ನಡುವಿನ ಆ ಅಂತರದಲ್ಲೇ ನಿಮ್ಮ ಪ್ರಶ್ನೆ ಕೂತಿದೆ.

ಈಗ ಆ ಪೇಪರಿನ ಕೆಳಗಿರುವ "ಸೈಟೆಡ್ ಬೈ" ಒತ್ತಿ. ಆಮೇಲೆ ಇದನ್ನು ಉಲ್ಲೇಖಿಸಿದವರೆಲ್ಲ ಸಾವಿರಗಟ್ಟಲೆ ಬರುತ್ತಾರೆ. ಉಲ್ಲೇಖಿಸಿದವುಗಳ ಒಳಗೇ ಹುಡುಕುವ ಚೌಕ ಅಲ್ಲಿದೆ. ಅದನ್ನು ಗುರುತು ಮಾಡಿ "ಬಯಾಸ್", "ಬ್ಯಾಕ್‌ಗ್ರೌಂಡ್", "ಫೀಲ್ಡ್ ಇಮೇಜಸ್" ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ನೋಡಿ. ಐಐಟಿ ಗಾಂಧಿನಗರದವರು 2020ರಲ್ಲಿ ಪ್ರಕಟಿಸಿದ ಪ್ಲಾಂಟ್‌ಡಾಕ್ ಸಿಗುತ್ತದೆ. 13 ಬೆಳೆಗಳ 2,598 ಚಿತ್ರಗಳು, ಲ್ಯಾಬಿನ ಸಪಾಟು ಹಿನ್ನೆಲೆಯಿಲ್ಲದವು. 2022ರ ಇನ್ನೊಂದು ಅಧ್ಯಯನ ಸಿಗುತ್ತದೆ. ಅದರಲ್ಲಿ ಎಲೆಯನ್ನು ನೋಡದೆ, ಚಿತ್ರದ ಹಿನ್ನೆಲೆಯ ಕೇವಲ 8 ಪಿಕ್ಸೆಲ್ ಬಳಸಿ ಪ್ಲಾಂಟ್‌ವಿಲೇಜ್ ಮೇಲೆ ಶೇ. 49 ನಿಖರತೆ ಪಡೆದಿದ್ದಾರೆ. 38 ವರ್ಗಗಳಲ್ಲಿ ಕಣ್ಣು ಮುಚ್ಚಿ ಊಹಿಸಿದರೆ ಸಿಗುವುದು ಶೇ. 2.6. ಅಂದರೆ ರೋಗದ ಗುರುತು ಹಿನ್ನೆಲೆಯಲ್ಲೇ ಸೋರಿಹೋಗಿದೆ. ಈ ಮೂರನ್ನು ಜೋಡಿಸಿ ಓದಿದವರಿಗೆ ಹಿನ್ನೆಲೆ ಅಳಿಸಿ ನೋಡಬೇಕು ಎಂಬ ಪ್ರಯೋಗ ತಾನಾಗಿಯೇ ಹೊಳೆಯುತ್ತದೆ. ಹಿಂದಕ್ಕೆ ರೆಫರೆನ್ಸ್ ಪಟ್ಟಿ ಹಿಡಿದು ಹೋಗುವುದು, ಮುಂದಕ್ಕೆ "ಸೈಟೆಡ್ ಬೈ" ಹಿಡಿದು ಹೋಗುವುದು, ಈ ಎರಡು ನಡಿಗೆ ಯಾವ ವಿಭಾಗದವರಿಗೂ ಒಂದೇ.

ಹುಡುಕುವ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಪದಗಳು ಒಟ್ಟಿಗೇ ಇರುವ ಪೇಪರ್ ಮಾತ್ರ ಬರುತ್ತವೆ. ಬೇಡದ ಪದಕ್ಕೆ ಮೊದಲು ಮೈನಸ್ ಹಾಕಿದರೆ ಅದಿರುವವು ಹೋಗುತ್ತವೆ. ಎಡಬದಿಯಲ್ಲಿ ವರ್ಷದ ಮಿತಿ ಇಡಬಹುದು. ಆದರೆ ಕಳೆದ ಐದು ವರ್ಷದ ಪೇಪರ್ ಮಾತ್ರ ಎಂಬ ನಿಯಮವನ್ನು ಕುರುಡಾಗಿ ಹಿಡಿದರೆ 2016ರ ಬೇರೇ ತಪ್ಪಿಹೋಗುತ್ತದೆ. ಪ್ರತಿ ಹುಡುಕಾಟವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ: ದಿನಾಂಕ, ಎಲ್ಲಿ ಹುಡುಕಿದ್ದು, ಯಾವ ಪದ, ಎಷ್ಟು ಬಂದವು, ಎಷ್ಟು ಇಟ್ಟುಕೊಂಡಿರಿ. ವೈವಾದಲ್ಲಿ "ಇಷ್ಟೇ ಪೇಪರ್ ಏಕೆ?" ಎಂದು ಕೇಳಿದಾಗ ತೋರಿಸಲು ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಶೀರ್ಷಿಕೆ ಎಪ್ಪತ್ತು ಎಂಬತ್ತು ನೋಡಿ, ಅಬ್‌ಸ್ಟ್ರ್ಯಾಕ್ಟ್ ಇಪ್ಪತ್ತೈದು ಓದಿ, ಪೂರ್ತಿ ಓದಲು ಹನ್ನೆರಡರಿಂದ ಹದಿನೈದು ಆರಿಸಿಕೊಂಡರೆ ಬಿ.ಇ. ಪ್ರಾಜೆಕ್ಟಿಗೆ ಸಾಕು. ಹೊಸ ಪದ ಕೊಟ್ಟರೂ ನೋಡಿದ ಪೇಪರುಗಳೇ ಮತ್ತೆ ಬರತೊಡಗಿದರೆ ನಿಲ್ಲಿಸಿ.

ಪೇಪರ್ ತೆರೆಯದೆ ದುಡ್ಡು ಕೇಳಿದಾಗ ಏನು ಮಾಡುವುದು? ಸ್ಕಾಲರ್‌ನಲ್ಲಿ "ಆಲ್ ವರ್ಷನ್ಸ್" ಒತ್ತಿದರೆ ಎಷ್ಟೋ ಸಲ ಲೇಖಕರ ಸ್ವಂತ ಪುಟದ ಅಥವಾ ಆರ್ಕೈವ್ ತಾಣದ ಪ್ರತಿ ಸಿಗುತ್ತದೆ. ಅನ್‌ಪೇವಾಲ್ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಕಾನೂನುಬದ್ಧ ಉಚಿತ ಪ್ರತಿ ಇದ್ದರೆ ತೋರಿಸುತ್ತದೆ. ಸರ್ಕಾರಿ ಕಾಲೇಜುಗಳವರಿಗೆ 2025ರ ಜನವರಿಯಿಂದ ಕೇಂದ್ರದ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಖಾಸಗಿ ಕಾಲೇಜಿನವರು ವಿಟಿಯು ಗ್ರಂಥಾಲಯ ಕನ್ಸಾರ್ಟಿಯಂನಲ್ಲಿ ತಮ್ಮ ಕಾಲೇಜಿಗೆ ಯಾವ ಡೇಟಾಬೇಸ್ ಇದೆ, ಹಾಸ್ಟೆಲಿನಿಂದ ಲಾಗಿನ್ ಆಗುವುದು ಹೇಗೆ ಎಂದು ಲೈಬ್ರೇರಿಯನ್‌ರನ್ನು ಕೇಳಿ. ಪಿಎಚ್‌.ಡಿ. ಪ್ರಬಂಧಗಳು ಬೇಕಿದ್ದರೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ. ಅಲ್ಲಿನ ಎರಡನೇ ಅಧ್ಯಾಯಗಳು ಒಂದು ವಿಷಯದ ಹಳೆಯ ಪೇಪರುಗಳಿಗೆ ಒಳ್ಳೆಯ ದಾರಿ. ಇವೆಲ್ಲ ಆಗದಿದ್ದರೆ ಲೇಖಕರಿಗೇ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ಹೆಚ್ಚಿನವರು ಕಳಿಸುತ್ತಾರೆ.

ಓದುವುದು ಮತ್ತು ಪಟ್ಟಿ ಮಾಡುವುದು

ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕಾದಂಬರಿಯಂತೆ ಓದಿದವರು ಮೂರನೇ ಪುಟದಲ್ಲಿ ನಿಲ್ಲಿಸುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ಎರಡೇ ಪುಟದಲ್ಲಿ ವಿವರಿಸಿದ ಮೂರು ಸುತ್ತಿನ ಓದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆನ್ನಾಗಿ ಹೊಂದುತ್ತದೆ. ಮೊದಲ ಸುತ್ತು ಐದರಿಂದ ಹತ್ತು ನಿಮಿಷ: ಶೀರ್ಷಿಕೆ, ಅಬ್‌ಸ್ಟ್ರ್ಯಾಕ್ಟ್, ಪೀಠಿಕೆ, ಉಪಶೀರ್ಷಿಕೆಗಳು, ಉಪಸಂಹಾರ. ಎರಡನೆಯದು ಸುಮಾರು ಒಂದು ಗಂಟೆ: ಚಿತ್ರ, ಗ್ರಾಫ್, ಟೇಬಲ್‌ಗಳನ್ನು ಕಣ್ಣಿಟ್ಟು ನೋಡುವುದು, ಗಣಿತದ ಸಾಧನೆಗಳನ್ನು (ಪ್ರೂಫ್) ಬಿಡುವುದು. ಮೂರನೆಯದರಲ್ಲಿ ಆ ಕೆಲಸವನ್ನು ನೀವೇ ಮಾಡುತ್ತಿದ್ದೀರಿ ಎಂದುಕೊಂಡು ಹೆಜ್ಜೆ ಹೆಜ್ಜೆಗೂ "ಇದನ್ನು ಹೀಗೇ ಏಕೆ ಮಾಡಿದರು?" ಎಂದು ಕೇಳಿಕೊಳ್ಳುವುದು. ಮೂರನೇ ಸುತ್ತು ಎರಡೋ ಮೂರೋ ಪೇಪರಿಗೆ ಸಾಕು.

ಎರಡನೇ ಸುತ್ತು ಮುಗಿದ ಕೂಡಲೇ, ಮರುದಿನಕ್ಕೆ ಬಿಡದೆ, ಟೇಬಲ್ ತುಂಬಿಸಿ. ಸಾಲಿಗೊಂದು ಪೇಪರ್. ಕಾಲಮ್‌ಗಳು ಇವು: ಯಾವ ಪ್ರಶ್ನೆ, ಯಾವ ಡೇಟಾ, ತರಬೇತಿ ಮತ್ತು ಪರೀಕ್ಷೆಯ ಚಿತ್ರಗಳನ್ನು ಹೇಗೆ ಬೇರ್ಪಡಿಸಿದರು, ಯಾವ ಅಳತೆ, ಎಷ್ಟು ಬಂತು, ಲೇಖಕರು ಒಪ್ಪಿಕೊಂಡ ಮಿತಿ, ಅವರು ಹೇಳದ ಮಿತಿ. ಕೊನೆಯ ಕಾಲಮ್ ನಿಮ್ಮ ಸ್ವಂತದ್ದು, ಬೆಲೆ ಹೆಚ್ಚು.

ಸರ್ವೆ ಬರೆಯುವಾಗ ಈ ಟೇಬಲ್ಲನ್ನು ಅಡ್ಡಲಾಗಿ ಓದಬೇಡಿ, ಉದ್ದಕ್ಕೆ ಓದಿ. ಸಾಲು ಹಿಡಿದರೆ ಪೇಪರಿಗೊಂದು ಪ್ಯಾರಾ ಬರುತ್ತದೆ. ಕಾಲಮ್ ಹಿಡಿದರೆ ವಾದ ಬರುತ್ತದೆ. "ಡೇಟಾ" ಕಾಲಮ್ ಕೆಳಗಿಳಿದರೆ ಹದಿಮೂರರಲ್ಲಿ ಹತ್ತು ಪೇಪರ್ ಪ್ಲಾಂಟ್‌ವಿಲೇಜ್ ಮಾತ್ರ ಬಳಸಿವೆ ಎಂದು ಕಾಣಬಹುದು. "ಬೇರ್ಪಡಿಸಿದ ಬಗೆ" ಕಾಲಮ್ಮಿನಲ್ಲಿ ಅರ್ಧ ಖಾಲಿ ಇರಬಹುದು. ಆಗ ಪ್ಯಾರಾ ಹೀಗೆ ಶುರುವಾಗುತ್ತದೆ: "ಪ್ಲಾಂಟ್‌ವಿಲೇಜ್ ಮೇಲೆ ಶೇ. 99 ದಾಟಿದ ನಿಖರತೆ ವರದಿಯಾಗಿದೆ. ಅದೇ ಅಧ್ಯಯನದಲ್ಲಿ ಬೇರೆ ಸನ್ನಿವೇಶದ ಚಿತ್ರಗಳ ಮೇಲೆ ಅದು ಶೇ. 31ಕ್ಕೆ ಕುಸಿದಿದೆ. ಹಿನ್ನೆಲೆಯ ಪಿಕ್ಸೆಲ್‌ಗಳೇ ಅರ್ಧದಷ್ಟು ಉತ್ತರ ಹೇಳಿಬಿಡುತ್ತವೆ ಎಂದು ಮುಂದಿನ ಅಧ್ಯಯನ ತೋರಿಸಿದೆ. ಆದ್ದರಿಂದ ಈ ಕುಸಿತದಲ್ಲಿ ಹಿನ್ನೆಲೆಯ ಪಾಲೆಷ್ಟು ಎಂದು ಅಳೆಯುವುದು ಈ ಪ್ರಾಜೆಕ್ಟಿನ ಗುರಿ." ಪ್ರತಿ ವಾಕ್ಯಕ್ಕೂ ಒಂದು ಸೈಟೇಶನ್. ಪೇಪರುಗಳು ಇಲ್ಲಿ ಒಂದರ ಜತೆ ಒಂದು ಮಾತಾಡುತ್ತಿವೆ, ಕೊನೆಯ ವಾಕ್ಯ ನಿಮ್ಮದು.

ರೆಫರೆನ್ಸ್‌ಗಳನ್ನು ಮೊದಲ ದಿನದಿಂದ ಜೊಟೆರೊದಲ್ಲಿ ಹಾಕಿ. ಉಚಿತ ತಂತ್ರಾಂಶ, ಬ್ರೌಸರಿನಲ್ಲಿ ಕನೆಕ್ಟರ್ ಹಾಕಿಕೊಂಡರೆ ಒಂದು ಕ್ಲಿಕ್ಕಿಗೆ ಪೇಪರಿನ ವಿವರವೂ ಪಿಡಿಎಫ್ ಕೂಡ ಬರುತ್ತವೆ. ಆನ್‌ಲೈನ್ ಜಾಗ ಉಚಿತವಾಗಿ 300 ಎಂಬಿ ಮಾತ್ರ, ಬೇಗ ತುಂಬುತ್ತದೆ. ಪಿಡಿಎಫ್‌ಗಳನ್ನು ಕಂಪ್ಯೂಟರಿನಲ್ಲೇ ಇಟ್ಟು, ವಿವರ ಮಾತ್ರ ಸಿಂಕ್ ಮಾಡಿ. ನಾಲ್ವರಿಗೂ ಒಂದೇ ಗ್ರೂಪ್ ಲೈಬ್ರರಿ ಮಾಡಿಕೊಳ್ಳಿ. ಬಂದ ವಿವರವನ್ನು ಕಣ್ಣಾರೆ ನೋಡದೆ ನಂಬಬೇಡಿ: ಲೇಖಕರ ಹೆಸರು ಹಿಂದುಮುಂದಾಗುವುದು, ಸಮ್ಮೇಳನದ ಪೇಪರ್ ಜರ್ನಲ್ ಎಂದು ದಾಖಲಾಗುವುದು, ಪುಟಸಂಖ್ಯೆ ಬಿಟ್ಟುಹೋಗುವುದು ತೀರಾ ಸಾಮಾನ್ಯ. ದಕ್ಷಿಣ ಭಾರತದ ಇನಿಶಿಯಲ್ ಇರುವ ಹೆಸರುಗಳಲ್ಲಿ ಇದು ಇನ್ನೂ ಹೆಚ್ಚು.

ಪ್ರಯೋಗದಲ್ಲಿ ಸೋರುವ ಜಾಗಗಳು

ಮಾಡೆಲ್ ಆಧಾರಿತ ಪ್ರಾಜೆಕ್ಟುಗಳು ಹಾಳಾಗುವುದು ಹೆಚ್ಚಾಗಿ ಒಂದೇ ಕಡೆ, ತರಬೇತಿಯ ಮತ್ತು ಪರೀಕ್ಷೆಯ ಚಿತ್ರಗಳನ್ನು ಬೇರೆ ಮಾಡುವಾಗ. ಪ್ಲಾಂಟ್‌ವಿಲೇಜ್‌ನಲ್ಲಿ ಒಂದೇ ಎಲೆಯನ್ನು ಬೇರೆ ಬೇರೆ ಕೋನದಿಂದ ತೆಗೆದ ಹಲವು ಚಿತ್ರಗಳಿವೆ. 2016ರ ಪೇಪರಿನವರು 41,112 ಚಿತ್ರಗಳಿಗೆ ಯಾವುದು ಯಾವ ಎಲೆಯದ್ದು ಎಂಬ ಗುರುತಿಟ್ಟುಕೊಂಡು, ಒಂದು ಎಲೆಯ ಎಲ್ಲ ಚಿತ್ರಗಳೂ ಒಂದೇ ಬದಿಗೆ ಹೋಗುವಂತೆ ನೋಡಿಕೊಂಡಿದ್ದರು. ಅದನ್ನು ಲೆಕ್ಕಿಸದೆ ಎಲ್ಲವನ್ನೂ ಕಲಸಿ 80:20 ಮಾಡಿದರೆ ಪರೀಕ್ಷೆಯ ಎಲೆಯನ್ನು ಮಾಡೆಲ್ ಈಗಾಗಲೇ ನೋಡಿರುತ್ತದೆ. ಇನ್ನೊಂದು ತಪ್ಪು, ಚಿತ್ರಗಳನ್ನು ತಿರುಗಿಸಿ ಮಗುಚಿ ಸಂಖ್ಯೆ ಹೆಚ್ಚಿಸಿದ ಮೇಲೆ ಬೇರ್ಪಡಿಸುವುದು. ಮೊದಲು ಬೇರ್ಪಡಿಸಿ, ಆಮೇಲೆ ತರಬೇತಿಯ ಭಾಗವನ್ನು ಮಾತ್ರ ಹೆಚ್ಚಿಸಿ. ನಿಮ್ಮ ಹೊಲದ ಚಿತ್ರಗಳನ್ನು ಗಿಡವಾರು ಅಲ್ಲ, ಹೊಲವಾರು ಬೇರ್ಪಡಿಸಿ: ಒಂದು ಹೊಲದ ಚಿತ್ರಗಳೆಲ್ಲ ಒಂದೇ ಬದಿಗೆ.

ನಿಖರತೆ ಒಂದನ್ನೇ ವರದಿ ಮಾಡಿದರೆ ಸಾಲದು. ಪ್ಲಾಂಟ್‌ವಿಲೇಜ್‌ನ 18,160 ಟೊಮೆಟೊ ಚಿತ್ರಗಳಲ್ಲಿ ಹಳದಿ ಎಲೆ ಮುದುಡು ರೋಗದವು 5,357, ಮೊಸಾಯಿಕ್ ರೋಗದವು 373 ಮಾತ್ರ. ಏನೂ ಕಲಿಯದೆ ಎಲ್ಲಕ್ಕೂ "ಮುದುಡು ರೋಗ" ಎನ್ನುವ ಮಾಡೆಲ್ಲಿಗೂ ಸುಮಾರು ಶೇ. 29.5 ಸಿಗುತ್ತದೆ. ಆದ್ದರಿಂದ ಈ ಪೆದ್ದು ಮಾಡೆಲ್ಲನ್ನೇ ಮೊದಲ ಬೇಸ್‌ಲೈನ್ ಆಗಿ ಟೇಬಲ್ಲಿನಲ್ಲಿ ಹಾಕಿ, ಅದರ ಕೆಳಗೆ ನಿಮ್ಮದು. ರೋಗವಾರು ಪ್ರಿಸಿಶನ್ (ಆ ರೋಗ ಎಂದದ್ದರಲ್ಲಿ ಸರಿಯಾದ ಪಾಲು), ರಿಕಾಲ್ (ನಿಜವಾಗಿ ಆ ರೋಗವಿದ್ದದ್ದರಲ್ಲಿ ಗುರುತಿಸಿದ ಪಾಲು), ಎಫ್1 (ಇವೆರಡನ್ನೂ ಕೂಡಿಸಿದ ಅಳತೆ), ಜತೆಗೆ ಯಾವ ರೋಗವನ್ನು ಯಾವುದೆಂದು ತಪ್ಪಾಗಿ ಗುರುತಿಸಿತು ಎಂದು ತೋರಿಸುವ ಕನ್ಫ್ಯೂಶನ್ ಮ್ಯಾಟ್ರಿಕ್ಸ್ ಕೊಡಿ. ತರಬೇತಿಯನ್ನು ಐದು ಬೇರೆ ರ್‍ಯಾಂಡಮ್ ಸೀಡ್‌ಗಳಿಂದ (ಸೀಡ್ ಎಂದರೆ ಕಲಿಕೆ ಎಲ್ಲಿಂದ ಶುರು ಎಂದು ನಿಗದಿಪಡಿಸುವ ಸಂಖ್ಯೆ) ನಡೆಸಿ, ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ ಬರೆಯಿರಿ. ಒಂದೇ ಓಟದ ಫಲದಿಂದ ಶೇ. 0.4 ಹೆಚ್ಚಳ ತೋರಿಸಿ ಗೆದ್ದೆವು ಎನ್ನುವುದಕ್ಕೆ ಆಧಾರವಿಲ್ಲ. 200 ಚಿತ್ರಗಳ ಮೇಲೆ ಶೇ. 90 ಬಂದರೆ ಶೇ. 95 ವಿಶ್ವಾಸದ ಅಂತರ ಸುಮಾರು ±4. ಅಂಥ ಕಡೆ 90.4762 ಎಂದು ನಾಲ್ಕು ದಶಾಂಶ ಬರೆದರೆ ಅಳತೆಯ ಅರಿವಿಲ್ಲ ಎಂದು ಪರೀಕ್ಷಕರಿಗೆ ನೀವೇ ಹೇಳಿದಂತೆ.

ಸಿವಿಲ್ ವಿಭಾಗದವರಿಗೆ ಸೀಡ್ ಇಲ್ಲ, ಕಾಂಕ್ರೀಟ್ ಕ್ಯೂಬ್ ಇದೆ. ಎಂ-ಸ್ಯಾಂಡ್ ಪ್ರಮಾಣ ಬದಲಿಸಿ ನಾಲ್ಕು ಮಿಕ್ಸ್, 7 ಮತ್ತು 28 ದಿನ, ಪ್ರತಿಯೊಂದಕ್ಕೆ 3 ಕ್ಯೂಬ್ ಎಂದರೆ 24 ಕ್ಯೂಬ್. 150 ಮಿ.ಮೀ. ಕ್ಯೂಬಿನ ಗಾತ್ರ 0.003375 ಘನ ಮೀಟರ್, 24ಕ್ಕೆ 0.081. ಸ್ಲಂಪ್ ಪರೀಕ್ಷೆಗೂ ನಷ್ಟಕ್ಕೂ ಸೇರಿಸಿ 0.1 ಘನ ಮೀಟರ್ ಹಿಡಿಯಿರಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಮೂರು ಕ್ಯೂಬಿನ ಸರಾಸರಿಯೇ ಫಲ. ಯಾವುದಾದರೂ ಒಂದು ಸರಾಸರಿಗಿಂತ ಶೇ. 15ಕ್ಕೂ ಮೀರಿ ಆಚೀಚೆಯಾದರೆ ಆ ಸ್ಯಾಂಪಲ್ಲೇ ಅಸಿಂಧು. ಅಂದರೆ ಮತ್ತೆ ಎರಕ, ಮತ್ತೆ 28 ದಿನ ಕ್ಯೂರಿಂಗ್. ಹಾಗಾಗಿ ಎರಕದ ದಿನಾಂಕವನ್ನು ಫೈನಲ್ ರಿವ್ಯೂನಿಂದ ಹಿಂದಕ್ಕೆ ಎಣಿಸಿ, ಒಂದು ಪೂರ್ತಿ ಸುತ್ತು ಕೈಕೊಟ್ಟರೂ ಸಮಯ ಉಳಿಯುವಂತೆ ಇಡಿ. ಮೂರರಲ್ಲಿ ಹೊಂದದ ಒಂದನ್ನು ಬಿಟ್ಟು ಎರಡರ ಸರಾಸರಿ ತೆಗೆಯುವುದು ಲ್ಯಾಬುಗಳಲ್ಲಿ ನಡೆಯುತ್ತದೆ. ಅದು ಸುಳ್ಳು ಫಲಿತಾಂಶ, ಬೇರೆ ಹೆಸರಿಲ್ಲ.

ಯಾವ ವಿಭಾಗವಾದರೂ ದಿನಚರಿ ಪುಸ್ತಕ ಒಂದಿರಲಿ: ದಿನಾಂಕ, ಏನು ಬದಲಿಸಿದ್ದು, ಏನು ನಿರೀಕ್ಷಿಸಿದ್ದು, ಏನು ಬಂದದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದಾಗ ಫಲ ಏರಿದರೆ ಯಾವುದರಿಂದ ಎಂದು ಹೇಳಲಾಗುವುದಿಲ್ಲ.

ಬರೆಯುವುದು

ಅಬ್‌ಸ್ಟ್ರ್ಯಾಕ್ಟ್‌ನಿಂದ ಶುರುಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಮೊದಲು ಫಲಿತಾಂಶದ ಗ್ರಾಫ್ ಮತ್ತು ಟೇಬಲ್‌ಗಳನ್ನು ಮಾಡಿ ಕ್ರಮವಾಗಿ ಜೋಡಿಸಿ. ಆ ಕ್ರಮವೇ ಪೇಪರಿನ ಬೆನ್ನೆಲುಬು. ಆಮೇಲೆ ವಿಧಾನ ಬರೆಯಿರಿ. ಅದು ಸುಲಭ, ಮಾಡಿದ್ದನ್ನು ಹೇಳುವುದಷ್ಟೇ. ಪಕ್ಕದ ಬ್ಯಾಚಿನವರು ನಿಮ್ಮನ್ನು ಏನೂ ಕೇಳದೆ ಅದನ್ನು ಮತ್ತೆ ಮಾಡಬಲ್ಲರೇ ಎಂಬುದು ಅಳತೆಗೋಲು. ಚಿತ್ರದ ಗಾತ್ರ, ಲರ್ನಿಂಗ್ ರೇಟ್, ಬ್ಯಾಚ್ ಸೈಜ್, ಎಷ್ಟು ಎಪಾಕ್, ಯಾವ ಮೊಬೈಲ್, ದಿನದ ಯಾವ ಹೊತ್ತಿನಲ್ಲಿ ತೆಗೆದ ಚಿತ್ರ, ಎಲ್ಲ ಬೇಕು. ಅದಾದ ಮೇಲೆ ಫಲಿತಾಂಶ, ಚರ್ಚೆ, ಪೀಠಿಕೆ. ಅಬ್‌ಸ್ಟ್ರ್ಯಾಕ್ಟ್ ಕಡೆಗೆ.

ಫಲಿತಾಂಶದ ಭಾಗದಲ್ಲಿ ಏನು ಕಂಡಿತು ಎಂದಷ್ಟೇ ಇರಲಿ, ಏಕೆ ಕಂಡಿತು ಎಂಬುದು ಚರ್ಚೆಗೆ ಹೋಗಲಿ. "ಚಿತ್ರ 4ರಲ್ಲಿ ಫಲಿತಾಂಶ ಕೊಡಲಾಗಿದೆ" ಎಂಬ ವಾಕ್ಯದಿಂದ ಓದುಗರಿಗೆ ಏನೂ ಸಿಗುವುದಿಲ್ಲ. "ಹಿನ್ನೆಲೆ ಅಳಿಸಿದಾಗ ಎಲೆ ಮುದುಡು ರೋಗದ ರಿಕಾಲ್ ಏರಿತು, ಅಂಗಮಾರಿಯದ್ದು ಏರಲಿಲ್ಲ (ಚಿತ್ರ 4)" ಎನ್ನಿ.

ಅಬ್‌ಸ್ಟ್ರ್ಯಾಕ್ಟ್‌ಗೆ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯೂ ಪ್ರಕಾಶಕರೂ ಆದ ಐಇಇಇ ಇಟ್ಟ ಮಿತಿ 250 ಪದ, ಒಂದೇ ಪ್ಯಾರಾ. ಸಮಸ್ಯೆಗೆ ಒಂದು ವಾಕ್ಯ, ಈವರೆಗಿನ ಕೊರತೆಗೆ ಒಂದು, ನೀವು ಮಾಡಿದ್ದಕ್ಕೆ ಎರಡು, ಸಿಕ್ಕ ಸಂಖ್ಯೆಗಳಿಗೆ ಎರಡು, ಅದರ ಅರ್ಥಕ್ಕೆ ಒಂದು. ಕೃಷಿ ಭಾರತದ ಬೆನ್ನೆಲುಬು ಎಂಬಲ್ಲಿಂದ ಶುರುಮಾಡಬೇಡಿ. ಆ ಜಾಗದಲ್ಲಿ ನಿಮ್ಮ ಒಂದು ಸಂಖ್ಯೆ ಹಿಡಿಯುತ್ತದೆ.

ಐಇಇಇಯ ಎರಡು ಕಾಲಮ್ ಅಚ್ಚಿನಲ್ಲಿ ಒಂದು ಕಾಲಮ್ಮಿನ ಅಗಲ 3.5 ಇಂಚು. ಲ್ಯಾಪ್‌ಟಾಪ್ ಪರದೆಯ ಸ್ಕ್ರೀನ್‌ಶಾಟ್ ಅಲ್ಲಿಗೆ ಕುಗ್ಗಿದಾಗ ಅಕ್ಷರ ಕಾಣುವುದಿಲ್ಲ. ಗ್ರಾಫನ್ನು ಮೊದಲೇ 3.5 ಇಂಚಿಗೆ, 8 ಪಾಯಿಂಟ್ ಅಕ್ಷರದಲ್ಲಿ ಮಾಡಿ; ವೆಕ್ಟರ್ ಪಿಡಿಎಫ್ ಆದರೆ ಉತ್ತಮ, ಫೋಟೊ ಆದರೆ ಕನಿಷ್ಠ 300 ಡಿಪಿಐ. ಅಕ್ಷಗಳಿಗೆ ಹೆಸರೂ ಮಾನವೂ ಇರಲಿ. ಟೇಬಲ್ ಶೀರ್ಷಿಕೆ ಮೇಲೆ, ಚಿತ್ರದ್ದು ಕೆಳಗೆ. ಓವರ್‌ಲೀಫ್‌ನಲ್ಲಿ ಐಇಇಇ ಟೆಂಪ್ಲೇಟ್ ಸಿದ್ಧವಿದೆ, ಅಲ್ಲಿ ಬಳಸುವ ಲೇಟೆಕ್ ಎಂಬ ಅಕ್ಷರ ಜೋಡಣೆಯ ಭಾಷೆ ಕಲಿಯಲು ಒಂದು ವಾರ ಸಾಕು. ವರ್ಡ್ ಬಳಸುವವರು ಸ್ಟೈಲ್ಸ್ ಮತ್ತು ಕ್ರಾಸ್ ರೆಫರೆನ್ಸ್ ಕಲಿಯಿರಿ. ಚಿತ್ರದ ಸಂಖ್ಯೆಗಳನ್ನು ಕೈಯಲ್ಲಿ ಬರೆದವರು ಬೈಂಡಿಂಗಿನ ಹಿಂದಿನ ರಾತ್ರಿ ನಿದ್ದೆ ಬಿಡುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಭಯ ಹೆಚ್ಚು. ಅದಕ್ಕೊಂದು ಕೆಲಸಕ್ಕೆ ಬರುವ ದಾರಿ ಇದೆ: ಪ್ರತಿ ಪ್ಯಾರಾ ಹೇಳಬೇಕಾದ ಮಾತನ್ನು ಮೊದಲು ಕನ್ನಡದಲ್ಲಿ ಒಂದು ಸಾಲಿಗೆ ಬರೆಯಿರಿ. ಇಡೀ ಪೇಪರ್ ಇಪ್ಪತ್ತೈದು ಮೂವತ್ತು ಸಾಲಾಗುತ್ತದೆ. ಆ ಸಾಲುಗಳು ಒಂದರಿಂದ ಒಂದು ಹೊಮ್ಮುತ್ತಿದ್ದರೆ ವಾದ ಸರಿಯಿದೆ. ತೊಡರಿದರೆ ತಪ್ಪಿರುವುದು ಭಾಷೆಯಲ್ಲಲ್ಲ, ಯೋಚನೆಯಲ್ಲಿ. ಆಮೇಲೆ ಆ ಸಾಲನ್ನೇ ಪ್ಯಾರಾದ ಮೊದಲ ವಾಕ್ಯವಾಗಿ ಇಂಗ್ಲಿಷಿನಲ್ಲಿ ಬರೆದು ಬೆಳೆಸಿ. ವಾಕ್ಯ 20-25 ಪದ ಮೀರದಿರಲಿ, ಒಂದು ವಾಕ್ಯಕ್ಕೆ ಒಂದು ಮಾತು. "ಡಿಸ್ಕಸ್ ಅಬೌಟ್", "ರಿಸರ್ಚಸ್", "ಈಸ್ ಹ್ಯಾವಿಂಗ್" ನಮ್ಮಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು. ಕೊನೆಯಲ್ಲಿ ಅವನ್ನೇ ಹುಡುಕಿ ತೆಗೆಯಿರಿ. ಮಾಡಿ ಮುಗಿದ ಪ್ರಯೋಗಕ್ಕೆ ಭೂತಕಾಲ. ಬರೆದದ್ದನ್ನು ಜೋರಾಗಿ ಓದಿಸಿ ಕೇಳಿ. ಉಸಿರು ಕಟ್ಟುವ ಕಡೆ ವಾಕ್ಯ ಒಡೆಯಿರಿ.

ಕೃತಿಚೌರ್ಯ, ಎಐ

ಯುಜಿಸಿಯ 2018ರ ನಿಯಮದಲ್ಲಿ ಪ್ರಬಂಧದ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ರೆಫರೆನ್ಸ್ ಪಟ್ಟಿ, ಪರಿವಿಡಿ, ಸರ್ವಸಾಮಾನ್ಯ ಪದಗಳು ಮತ್ತು ಸಮೀಕರಣಗಳು ಲೆಕ್ಕಕ್ಕಿಲ್ಲ, ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಯೂ ಇಲ್ಲ. ಬಿ.ಇ. ರಿಪೋರ್ಟಿಗೆ ನಿಮ್ಮ ಕಾಲೇಜಿನ ಮಿತಿ ಎಷ್ಟೆಂದು ವಿಭಾಗದಲ್ಲಿ ಕೇಳಿ. ಆದರೆ ಟರ್ನಿಟಿನ್, ಡ್ರಿಲ್‌ಬಿಟ್‌ನಂಥ ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು ಮಾತ್ರ. ಪದ ಬದಲಿಸಿ ಯೋಚನೆ ಕದ್ದರೆ ಸಂಖ್ಯೆ ಕಡಿಮೆ ಬರಬಹುದು, ಕಳವು ಕಳವೇ. ಸರಿಯಾದ ಅಭ್ಯಾಸ: ಪೇಪರ್ ಓದಿ, ಮುಚ್ಚಿ, ನೆನಪಿನಿಂದ ನಿಮ್ಮ ಮಾತಿನಲ್ಲಿ ಬರೆದು, ಆಮೇಲೆ ತೆರೆದು ಅಂಕಿ ಸರಿಯಿದೆಯೇ ನೋಡಿ, ಸೈಟೇಶನ್ ಹಾಕಿ.

ಚಾಟ್‌ಜಿಪಿಟಿಯಂಥ ಎಐ ಸಾಧನಗಳು ಇಲ್ಲದ ಪೇಪರನ್ನು ಇರುವಂತೆಯೇ ಹುಟ್ಟಿಸಿಕೊಡುತ್ತವೆ: ನಂಬುವಂಥ ಶೀರ್ಷಿಕೆ, ನಿಜವಾದ ಜರ್ನಲ್ ಹೆಸರು, ಪುಟಸಂಖ್ಯೆ ಸಮೇತ. ಪ್ರತಿ ರೆಫರೆನ್ಸಿನ ಡಿಒಐಯನ್ನು (ಪೇಪರಿನ ಖಾಯಂ ಡಿಜಿಟಲ್ ಗುರುತು) ಡಿಒಐ ತಾಣದಲ್ಲಿ ಹಾಕಿ ತೆರೆಯಿರಿ. ಅದು ಬೇರೆ ಪೇಪರಿಗೆ ಹೋದರೆ ಅಥವಾ ತೆರೆಯದೇ ಇದ್ದರೆ ಪಟ್ಟಿಯಿಂದ ಕಿತ್ತುಹಾಕಿ. ನೀವು ತೆರೆದು ಓದದ ಯಾವ ಪೇಪರೂ ಪಟ್ಟಿಯಲ್ಲಿ ಇರಕೂಡದು. ಎಐ ಬರೆದ ಪಠ್ಯ ಬಳಸಿದ್ದರೆ ಅದನ್ನು ಕೃತಜ್ಞತೆಯ ಭಾಗದಲ್ಲಿ ಹೇಳಬೇಕೆಂದು ಐಇಇಇ ನಿಯಮ ಇದೆ.

ಎಲ್ಲಿ ಪ್ರಕಟಿಸುವುದು

ಎಂಟನೇ ಸೆಮಿಸ್ಟರಿನಲ್ಲಿ ಇನ್‌ಬಾಕ್ಸ್ ತುಂಬ ಕರೆಗಳು ಬರುತ್ತವೆ: ಮೂರು ದಿನದಲ್ಲಿ ಪ್ರಕಟಣೆ, ಒಂದೆರಡು ಸಾವಿರ ರೂಪಾಯಿ, ಇ-ಸರ್ಟಿಫಿಕೇಟ್, ದೊಡ್ಡ ಇಂಪ್ಯಾಕ್ಟ್ ಫ್ಯಾಕ್ಟರ್. ಮೂರು ದಿನದಲ್ಲಿ ಯಾರೂ ನಿಮ್ಮ ಪೇಪರನ್ನು ವಿಮರ್ಶಿಸಿರುವುದಿಲ್ಲ. ಐಎಸ್‌ಎಸ್‌ಎನ್ ಇದೆ ಎಂಬುದು ಗುಣಮಟ್ಟದ ಗುರುತಲ್ಲ, ಅದು ನೋಂದಣಿ ಸಂಖ್ಯೆ ಮಾತ್ರ. ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲ್ಯಾರಿವೇಟ್ ಎಂಬ ಕಂಪನಿ. ಬೇರೆ ಬೇರೆ ಹೆಸರಿನ "ಫ್ಯಾಕ್ಟರ್"ಗಳಿಗೆ ಬೆಲೆಯಿಲ್ಲ. ಸ್ಕೋಪಸ್ ಎಂಬ ಜರ್ನಲ್ ಇಂಡೆಕ್ಸಿನಲ್ಲಿ ಇದ್ದೇವೆ ಎಂದು ಹೇಳಿಕೊಂಡರೆ ಸ್ಕೋಪಸ್‌ನ ಸೋರ್ಸಸ್ ಪುಟದಲ್ಲಿ ಐಎಸ್‌ಎಸ್‌ಎನ್ ಹಾಕಿ ನೋಡಿ, ಪಟ್ಟಿಯಿಂದ ತೆಗೆದುಹಾಕಿದ್ದಾರೆಯೇ ಎಂಬುದನ್ನೂ ನೋಡಿ. ಮುಕ್ತ ಜರ್ನಲ್ ಆದರೆ ಮುಕ್ತ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿ ಹುಡುಕಿ. ನಿಜವಾದ ಜರ್ನಲ್ಲಿನ ಹೆಸರನ್ನೇ ಹೊತ್ತ ನಕಲಿ ಜಾಲತಾಣಗಳೂ ಇವೆ. ಇಮೇಲಿನ ಕೊಂಡಿಯಿಂದ ಹೋಗದೆ ಇಂಡೆಕ್ಸ್ ಪುಟದ ಕೊಂಡಿಯಿಂದ ಹೋಗಿ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದೆ. ಹಾಗಾಗಿ "ಯುಜಿಸಿ ಅನುಮೋದಿತ" ಎಂಬ ಜಾಹೀರಾತು ಕಂಡರೆ ಆ ಪುಟ ಮುಚ್ಚಿ.

ಒಳ್ಳೆಯ ಸಮ್ಮೇಳನದಿಂದ ತಿರಸ್ಕೃತವಾಗಿ ಬಂದ ಪೇಪರಿನ ಜತೆ ಇಬ್ಬರು ಮೂವರು ವಿಮರ್ಶಕರ ಟಿಪ್ಪಣಿ ಇರುತ್ತದೆ. ಪ್ರತಿ ಟಿಪ್ಪಣಿಗೂ ಕೆಳಗೆ ಉತ್ತರ ಬರೆಯಿರಿ: ಏನು ಬದಲಿಸಿದ್ದು, ಯಾವ ಪುಟ, ಬದಲಿಸದಿದ್ದರೆ ಏಕೆ. ವಿಮರ್ಶಕರಿಗೆ ತಪ್ಪಾಗಿ ಅರ್ಥವಾಗಿದ್ದರೂ ಆ ಸಾಲು ತಿದ್ದಿ, ಏಕೆಂದರೆ ಮುಂದಿನವರಿಗೂ ಹಾಗೆಯೇ ಅರ್ಥವಾಗುತ್ತದೆ. ಲೇಖಕರ ಹೆಸರಿನ ಕ್ರಮವನ್ನು ಸಲ್ಲಿಸುವ ಮೊದಲೇ ಗೈಡ್ ಮುಂದೆ ಕೂತು ತೀರ್ಮಾನಿಸಿ, ಕೆಲಸ ಮಾಡದವರ ಹೆಸರು ಸೇರಿಸಬೇಡಿ.

ಡೇಟಾವನ್ನು ಹಂಚುವುದಾದರೆ ಯುರೋಪಿನ ಸಂಶೋಧನಾ ಕೇಂದ್ರ ಸರ್ನ್ ನಡೆಸುವ ಜೆನೊಡೊ ತಾಣ ಉಚಿತ. ಒಂದು ದಾಖಲೆಗೆ 50 ಜಿಬಿವರೆಗೆ ಜಾಗ, ಜತೆಗೆ ಡಿಒಐ. ಏರಿಸುವ ಮುನ್ನ ಎರಡು ಕೆಲಸ ತಪ್ಪಿಸಬೇಡಿ. ಚಿತ್ರ ತೆಗೆಯಲು ಬಿಟ್ಟ ರೈತರಿಗೆ ಅದು ಎಲ್ಲರಿಗೂ ಸಿಗುವಂತಾಗುತ್ತದೆ ಎಂದು ಕನ್ನಡದಲ್ಲೇ ತಿಳಿಸಿ ಸಹಿ ಪಡೆಯಿರಿ. ಮೊಬೈಲ್ ಫೋಟೊದೊಳಗೆ ಅಡಗಿರುವ ಜಿಪಿಎಸ್ ವಿವರವನ್ನು ತೆಗೆದುಹಾಕಿ, ಊರಿನ ಬದಲು ತಾಲ್ಲೂಕಿನ ಹೆಸರು ಮಾತ್ರ ಬರೆಯಿರಿ.